8 ಅಡಿ 10 ಇಂಚಿನ ಸಪ್ ಸರ್ಫ್ ಬೋರ್ಡ್: ಅಲೆ ಮೇಲೆ ತಿರುಗುತ್ತಾ, ಇಲ್ವಾ?

ಸಪ್ ಅಂದರೆ ಸ್ಟ್ಯಾಂಡ್ ಅಪ್ ಪ್ಯಾಡಲ್, ಬೋರ್ಡ್ ಮೇಲೆ ನಿಂತು ಪ್ಯಾಡಲಿನಿಂದ ಹುಟ್ಟು ಹಾಕುವ ಆಟ. ಮೊದಲೇ ಹೇಳಿಬಿಡುತ್ತೇನೆ, ಇದು ಹಿನ್ನೀರಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಬೋರ್ಡ್ ಅಲ್ಲ. ಶಾಂಭವಿ ಹೊಳೆಯಲ್ಲಿ ಕಾಂಡ್ಲಾ ಗಿಡಗಳ ಪಕ್ಕ ಆರಾಮಾಗಿ ಹುಟ್ಟು ಹಾಕುತ್ತಾ ಹೋಗಬೇಕು ಅನ್ನುವವರಿಗೆ ಗಾಳಿ ತುಂಬುವ ಬೋರ್ಡೇ ಸಾಕು, ಅದೇ ಒಳ್ಳೆಯದು ಕೂಡ. ಇದು ಕಡಲಿಗೆ ಮಾಡಿದ ಬೋರ್ಡ್. ನಿಂತೇ ಅಲೆ ಹಿಡಿದು, ಅಲೆಯ ಮೈಮೇಲೆ ತಿರುಗಬೇಕು ಅನ್ನುವವರಿಗೆ.

ಅಳತೆ ಹೇಳುತ್ತೇನೆ. ಉದ್ದ 8 ಅಡಿ 10 ಇಂಚು, ಅಗಲ 31 ಇಂಚು, 125 ಲೀಟರ್. ಒಳಗೆ ಇಪಿಎಸ್ ಫೋಮ್, ಅಂದರೆ ಥರ್ಮೋಕೋಲ್ ಜಾತಿಯದ್ದು, ಮೇಲೆ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ರೆಸಿನ್. ಸೆಕೆಂಡ್ ಹ್ಯಾಂಡ್, 62,000 ರೂಪಾಯಿ ಕೊಟ್ಟೆ, ಚೀಲವೂ ಬಂತು. ಬ್ರ್ಯಾಂಡ್ ಹೆಸರು ಹಾಕುವುದಿಲ್ಲ, ಕೆಳಗೆ ಬೈಗುಳವೂ ಇದೆ, ಜೊತೆಗೆ ಇದು ಹಳೆ ಮಾಡೆಲ್, ಈಗ ಹುಡುಕಿದರೂ ಸಿಗಲಿಕ್ಕಿಲ್ಲ. ಸ್ಟಾರ್‌ಬೋರ್ಡ್, ನೈಶ್, ಫನಾಟಿಕ್ ಇಂಥವರೆಲ್ಲ ಅಲೆಗೆ ಅಂತಲೇ ಬೋರ್ಡ್ ಮಾಡಿದ್ದಾರೆ. ನೀವು ನೋಡುತ್ತಿರುವ ಬೋರ್ಡ್ ಹೆಚ್ಚುಕಮ್ಮಿ ಇದೇ ಅಳತೆಯದ್ದಾದರೆ ಇಲ್ಲಿ ಬರೆದಿರುವುದರಲ್ಲಿ ಬಹಳಷ್ಟು ಅದಕ್ಕೂ ಸಲ್ಲುತ್ತದೆ.

ನಮ್ಮ ಕಡೆ ಸಪ್ ಅಂದ ತಕ್ಷಣ ರೇಸ್ ನೆನಪಾಗುತ್ತದೆ. ಮುಲ್ಕಿಯ ತನ್ವಿ ಜಗದೀಶ್ ಹೆಸರು ಮಾಡಿದ್ದು ರೇಸಿನಲ್ಲಿ. 2024ರ ಮಾರ್ಚಿನಲ್ಲಿ ಮಂಗಳೂರು ಹತ್ತಿರದ ಸಸಿಹಿತ್ಲಿನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಆದಾಗ ಜನ ಸೇರಿದ್ದೂ ರೇಸ್ ನೋಡಲಿಕ್ಕೇ. ಅಲೆ ಮೇಲೆ ಸಪ್ ಆಡುವವರು ಕಡಿಮೆ, ಹಾಗಾಗಿ ಬೋರ್ಡ್ ಕೊಳ್ಳುವ ಮೊದಲು ಕೇಳೋಣ ಅಂದರೆ ಯಾರೂ ಸಿಗುವುದಿಲ್ಲ, ಸಿಕ್ಕವರು ರೇಸ್ ಬೋರ್ಡಿನ ಲೆಕ್ಕದಲ್ಲೇ ಉತ್ತರ ಕೊಡುತ್ತಾರೆ: ಉದ್ದ ಇರಲಿ, ನೇರ ಹೋಗಲಿ, ಫಿನ್ (ಬಾಲದ ಅಡಿಯ ರೆಕ್ಕೆ) ದೊಡ್ಡದಿರಲಿ. ಅಲೆ ಮೇಲೆ ತಿರುಗಲು ಈ ಮೂರೂ ಶತ್ರುಗಳು.

ಅಂಥ ಸಲಹೆ ಕೇಳಿ ಬೋರ್ಡ್ ತಗೊಂಡವರು ಆಮೇಲೆ ಬಂದು ಹೇಳುವ ಮಾತು ಒಂದೇ. "ಇದು ತಿರುಗೋದೇ ಇಲ್ಲ ಮಾರಾಯ್ರೆ." ನನ್ನ ಅಭಿಪ್ರಾಯ ಏನೆಂದರೆ, ಈ ಬೋರ್ಡ್ ತಿರುಗುತ್ತದೆ, ಚೆನ್ನಾಗೇ ತಿರುಗುತ್ತದೆ, ಆದರೆ ಕಂಪನಿ ಕೊಟ್ಟ ಫಿನ್ನಿನಲ್ಲಿ ಅಲ್ಲ, ಉದ್ದ ಪ್ಯಾಡಲ್ ಹಿಡಿದೂ ಅಲ್ಲ, ಕಾಲನ್ನು ನಡುವಲ್ಲೇ ಊರಿಕೊಂಡಂತೂ ಸಾಧ್ಯವೇ ಇಲ್ಲ.

ಗಾಳಿ ತುಂಬುವ ಬೋರ್ಡ್ ಯಾಕೆ ತಿರುಗುವುದಿಲ್ಲ ಅಂತ ಮೊದಲು ನೋಡಿ, ಆಗ ಇದು ಯಾಕೆ ತಿರುಗುತ್ತದೆ ಅನ್ನುವುದು ಸುಲಭವಾಗಿ ತಿಳಿಯುತ್ತದೆ. ಬಾಡಿಗೆಗೆ ಸಿಗುವ ಸಾಮಾನ್ಯ ಗಾಳಿ ಬೋರ್ಡ್ 10 ಅಡಿ 6 ಇಂಚು ಉದ್ದ, 6 ಇಂಚು ದಪ್ಪ. ತಲೆಯಿಂದ ಬಾಲದವರೆಗೆ ಅಂಚು ಅದೇ ದಪ್ಪ. ಬೋರ್ಡ್ ತಿರುಗಬೇಕಾದರೆ ಒಂದು ಅಂಚು, ಅಂದರೆ ರೈಲ್, ನೀರಿನೊಳಗೆ ಹೋಗಿ ಕಚ್ಚಿಕೊಳ್ಳಬೇಕು. ಅಷ್ಟು ದಪ್ಪದ ಗಾಳಿ ಅಂಚನ್ನು ಒಳಗೆ ತಳ್ಳಲು ನಮ್ಮ ತೂಕ ಸಾಲುವುದಿಲ್ಲ, ತಳ್ಳಿದರೂ ಅದು ಪುಟಿದು ಮೇಲೆ ಬರುತ್ತದೆ. ಅಡಿಭಾಗ ಹೆಚ್ಚುಕಡಿಮೆ ಚಪ್ಪಟೆ, ಮೂತಿ ಮೇಲೆದ್ದಿರುವುದು ಸ್ವಲ್ಪವೇ. ಹಾಗಾಗಿ ಕಡಿದಾದ ಅಲೆಯಲ್ಲಿ ಇಳಿಯುವಾಗ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ. ನೊರೆ ನೀರಿನಲ್ಲಿ ನೇರ ದಡಕ್ಕೆ ಬರಲು ಅದು ಬಹಳ ಮಜಾ ಕೊಡುತ್ತದೆ, ಅಷ್ಟರಲ್ಲೇ ಖುಷಿ ಪಡಿ.

ಈ ಬೋರ್ಡಿನಲ್ಲಿ ನಡುವೆ ದಪ್ಪ ಇದೆ, ಅಂಚಿಗೆ ಬರುತ್ತಾ ತೆಳು, ಬಾಲದ ಹತ್ತಿರ ಇನ್ನೂ ತೆಳು. ಹಿಂಗಾಲು ಹಿಂದಿಟ್ಟು ಒತ್ತಿದರೆ ಬಾಲ ಮುಳುಗುತ್ತದೆ, ಅಂಚು ಕಚ್ಚುತ್ತದೆ. ಮೂತಿ ಸಾಕಷ್ಟು ಮೇಲೆದ್ದಿದೆ. ಇದರಿಂದ ಹುಟ್ಟು ಹಾಕುವಾಗ ನಿಧಾನ ಅನ್ನಿಸುತ್ತದೆ ನಿಜ, ಒಂದು ಬದಿಯಲ್ಲೇ ಎಳೆದರೆ ಮೂತಿ ಆ ಕಡೆ ಈ ಕಡೆ ಓಡುತ್ತದೆ. ಹೊಳೆಯಲ್ಲಿ ಇದನ್ನು ಓಡಿಸಿದರೆ ಸಿಟ್ಟು ಬರುತ್ತದೆ. ಆದರೆ ಆ ಅಡ್ಡಾದಿಡ್ಡಿ ಗುಣವೇ ಅಲೆ ಮೇಲೆ ನಮಗೆ ಬೇಕಾದದ್ದು.

ನನ್ನ ತೂಕ 72 ಕಿಲೊ. ಅಲೆಗೆ ಹೊಸಬರಾದರೆ ಕಿಲೊ ಲೆಕ್ಕದ ಮೈತೂಕಕ್ಕೆ 40-50 ಸೇರಿಸಿ ಅಷ್ಟು ಲೀಟರಿನ ಬೋರ್ಡ್ ತಗೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಹಾಗೆ ನೋಡಿದರೆ ಇದು ನನಗೆ ಆರಾಮದ ಬೋರ್ಡ್. ಅಲೆಗಾಗಿ ಕಾಯುತ್ತಾ ನಿಂತಿದ್ದರೂ ಕಾಲು ನಡುಗುವುದಿಲ್ಲ. 90 ಕಿಲೊ ಇರುವವರು ಇದರ ಮೇಲೆ ನಿಂತರೆ ಸಮತೋಲನ ನೋಡಿಕೊಳ್ಳುವುದೇ ಕೆಲಸ ಆಗುತ್ತದೆ, ತಿರುಗುವ ಮಾತು ಆಮೇಲೆ.

ಹೊರಗೆ ಹೋಗುವುದು, ಬರುವ ನೊರೆ ಅಲೆ ದಾಟುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಾಲು ಹಿಂದೆ ಇಟ್ಟು ಮೂತಿ ಎತ್ತಬೇಕು, ನೊರೆ ಬೋರ್ಡಿನ ಅಡಿ ಬಂದ ಕೂಡಲೇ ಪ್ಯಾಡಲ್ ಅದರಾಚೆ ನೀರಿಗೆ ಹಾಕಿ ಎಳೆಯಬೇಕು. 31 ಇಂಚು ಅಗಲ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಮೊದಲ ತಿರುವು ಬರುವುದು ಅಲೆ ಹಿಡಿಯುವ ಮುಂಚೆಯೇ. ನೀವು ಕಡಲ ಕಡೆ ಮುಖ ಮಾಡಿ ಕಾಯುತ್ತಿರುತ್ತೀರಿ, ಅಲೆ ಕಾಣುತ್ತದೆ, ಪೂರ್ತಿ ಹಿಂದೆ ತಿರುಗಿ ದಡಕ್ಕೆ ಮುಖ ಮಾಡಬೇಕು, ಅದೂ ಬೇಗ. ಇದೇ ಪಿವಟ್ ಟರ್ನ್. ನಿಂತಲ್ಲೇ ನಿಂತು ಪ್ಯಾಡಲಿನಲ್ಲಿ ದೊಡ್ಡ ಅರ್ಧ ಚಂದ್ರ ಬರೆದರೂ ಬೋರ್ಡ್ ತಿರುಗುತ್ತದೆ, ಆದರೆ ಅಷ್ಟರಲ್ಲಿ ಅಲೆ ಹೋಗಿ ದಡ ಸೇರಿರುತ್ತದೆ. ಒಂದು ಕಾಲನ್ನು ಬಾಲದ ಹತ್ತಿರ ಇಟ್ಟು, ಮೊಣಕಾಲು ಬಗ್ಗಿಸಿ, ಬಾಲವನ್ನು ಮುಳುಗಿಸಿ ಎಳೆದರೆ ಮೂತಿ ಗಾಳಿಯಲ್ಲೇ ಸುತ್ತುತ್ತದೆ. ಉದ್ದದ ಬೋರ್ಡಿನಲ್ಲಿ ಇದಕ್ಕೆ ಹಿಂದಕ್ಕೆ ಎರಡು ಮೂರು ಹೆಜ್ಜೆ ನಡೆಯಬೇಕು. ಇದರಲ್ಲಿ ಒಂದು ಹೆಜ್ಜೆ ಸಾಕು, ಮೂರು ನಾಲ್ಕು ಎಳೆತದಲ್ಲಿ ತಿರುಗಿ ನಿಲ್ಲುತ್ತದೆ. ಈ ಒಂದು ವಿಷಯಕ್ಕೆ ಇದಕ್ಕೆ ಪೂರ್ತಿ ಅಂಕ. ಪಿವಟ್ ಟರ್ನ್ ಅನ್ನು ಹಿನ್ನೀರಲ್ಲಿ, ಎದೆಮಟ್ಟಕ್ಕಿಂತ ಆಳ ಇರುವ ಕಡೆ, ಬೇಕಾದಷ್ಟು ಬಿದ್ದು ಎದ್ದು ಅಭ್ಯಾಸ ಮಾಡಬಹುದು. ಆಳವಿಲ್ಲದ ಕಡೆ ಬೇಡ, ಬಾಲ ಮುಳುಗಿದಾಗ ಫಿನ್ ನೆಲಕ್ಕೆ ತಾಗುತ್ತದೆ. ಮರುವಾಯಿ ಚಿಪ್ಪಿನ ಮೇಲೆ ಬಿದ್ದರೆ ಚರ್ಮವೂ ಹೋಗುತ್ತದೆ.

ಇನ್ನು ಅಲೆ ಹಿಡಿಯುವುದು. ನಾನು ಎಡಗಾಲು ಮುಂದಿಡುವವನು, ರೆಗ್ಯುಲರ್. ಬಲಗಾಲು ಮುಂದಿಡುವ ಗೂಫಿಯವರು ಮುಂದಿನದ್ದನ್ನೆಲ್ಲ ಎಡ ಬಲ ಅದಲುಬದಲು ಮಾಡಿಕೊಂಡು ಓದಿ. ಹುಟ್ಟು ಹಾಕುವಾಗ ಎರಡೂ ಪಾದ ಅಕ್ಕಪಕ್ಕ, ಬೆರಳು ಮುಂದಕ್ಕೆ. ಅಲೆ ಬೋರ್ಡನ್ನು ಎತ್ತಿದ್ದು ಗೊತ್ತಾದ ಕೂಡಲೇ ಬಲಗಾಲು ಹಿಂದಕ್ಕೆ ಜಾರಬೇಕು, ಪಾದ ಅಡ್ಡ ತಿರುಗಬೇಕು. ಹಾರುವುದು ಬೇಡ, ಹಾರಿದರೆ ಬೋರ್ಡಿನ ವೇಗ ಸಾಯುತ್ತದೆ. ಬಲಕ್ಕೆ ಹೋಗುವ ಅಲೆಯಾದರೆ ಕೊನೆಯ ಎಳೆತಗಳನ್ನು ಎಡಗಡೆ ಹಾಕಿ ಮೂತಿಯನ್ನು ಬಲಕ್ಕೆ ಓರೆ ಮಾಡಿಕೊಳ್ಳಿ. ನೇರ ಕೆಳಗೆ ಇಳಿದು ಆಮೇಲೆ ತಿರುಗೋಣ ಅಂದರೆ, ನಮ್ಮ ಕಡಲಿನ ಸಣ್ಣ ಚುರುಕು ಅಲೆ ಅಷ್ಟು ಹೊತ್ತು ಕಾಯುವುದಿಲ್ಲ, ತಲೆ ಮೇಲೆ ಮುರಿದುಬೀಳುತ್ತದೆ.

ಈಗ ಬಾಟಮ್ ಟರ್ನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬೋರ್ಡ್ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದು ಇಲ್ಲೇ. ಅಲೆಯ ಬುಡಕ್ಕೆ ಇಳಿದು, ಅಲ್ಲಿ ತಿರುಗಿ, ಮತ್ತೆ ಅಲೆಯ ತುದಿಗೆ ಮುಖ ಮಾಡುವುದು ಬಾಟಮ್ ಟರ್ನ್. ಮುಂದೆ ಮಾಡುವ ಯಾವ ತಿರುವಿಗೂ ವೇಗ ಇಲ್ಲಿಂದಲೇ ಬರಬೇಕು. ಹೆಚ್ಚಿನವರು ಇನ್ನೂ ಇಳಿಯುತ್ತಿರುವಾಗಲೇ, ಅಲೆಯ ಅರ್ಧದಲ್ಲೇ ತಿರುಗಿಸಲು ಹೋಗುತ್ತಾರೆ, ಬೋರ್ಡಿಗೆ ಇನ್ನೂ ವೇಗ ಬಂದಿರುವುದಿಲ್ಲ, ಅಂಚು ಜಾರುತ್ತದೆ, ಆಮೇಲೆ ಬೋರ್ಡಿಗೆ ಬೈಗುಳ. ಬುಡದವರೆಗೆ ಬರಲಿ ಬಿಡಿ. ಮೊಣಕಾಲು ಚೆನ್ನಾಗಿ ಬಗ್ಗಲಿ. ಸೊಂಟ ಬಗ್ಗಿಸಿ ಮೊಣಕಾಲು ನೆಟ್ಟಗೆ ಇಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ, ಅದರಿಂದ ತೂಕ ಅಂಚಿಗೆ ಹೋಗುವುದೇ ಇಲ್ಲ.

ಆಮೇಲೆ ಕಣ್ಣು. ಬೋರ್ಡಿನ ಮೂತಿ ನೋಡಬೇಡಿ. ಅಲೆಯ ಮೇಲೆ ಎಲ್ಲಿಗೆ ಹೋಗಬೇಕೋ ಆ ಜಾಗ ನೋಡಿ. ಸೈಕಲ್ ಕಲಿಯುವಾಗ ಗುಂಡಿಯನ್ನೇ ನೋಡಿದರೆ ಗುಂಡಿಗೇ ಹೋಗಿ ಬೀಳುವ ಹಾಗೆ ಇಲ್ಲೂ ಕಣ್ಣು ಹೋದ ಕಡೆ ಭುಜ, ಭುಜ ಹೋದ ಕಡೆ ಸೊಂಟ, ಸೊಂಟ ತಿರುಗಿದರೆ ಹಿಂಗಾಲು ತಾನೇ ಒತ್ತುತ್ತದೆ.

ಮತ್ತೆ ಪ್ಯಾಡಲ್. ಬರೀ ಸರ್ಫಿಂಗ್ ಮಾಡಿ ಬಂದವರು ಅಲೆ ಸಿಕ್ಕಮೇಲೆ ಪ್ಯಾಡಲನ್ನು ಗಾಳಿಯಲ್ಲಿ ಸುಮ್ನೆ ಹಿಡಿದುಕೊಂಡಿರುತ್ತಾರೆ, ಅದು ಏನೋ ಹೊರೆ ಅನ್ನುವ ಹಾಗೆ. ಸಪ್ಪಿನಲ್ಲಿ ಅರ್ಧ ತಿರುವು ಪ್ಯಾಡಲಿನದ್ದು. ಬಲಕ್ಕೆ ಹೋಗುವಾಗ ಅಲೆ ನಿಮ್ಮ ಎದುರಿಗಿರುತ್ತದೆ, ಪ್ಯಾಡಲ್ ಬಲಗಡೆ, ಅಂದರೆ ತಿರುವಿನ ಒಳಬದಿಯಲ್ಲಿ ಇರಬೇಕು. ಅದರ ಹಿಂಭಾಗವನ್ನು ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ಅದರ ಮೇಲೆ ಸ್ವಲ್ಪ ಭಾರ ಬಿಡಿ. ಮೂರನೇ ಕಾಲು ಸಿಕ್ಕ ಹಾಗಾಗುತ್ತದೆ, ಬೋರ್ಡನ್ನು ಇನ್ನೂ ಜಾಸ್ತಿ ವಾಲಿಸಲು ಧೈರ್ಯ ಬರುತ್ತದೆ. ಒಂದು ಎಚ್ಚರ ಬೇಕು. ಪ್ಯಾಡಲ್ ಎಲೆಯ ಮುಂದಿನ ಅಂಚು ಸ್ವಲ್ಪ ಮೇಲೆದ್ದಿರಬೇಕು, ಆಗ ಅದು ನೀರಿನ ಮೇಲೆ ಜಾರುತ್ತದೆ. ಆ ಅಂಚು ಕೆಳಗಾದರೆ ಎಲೆ ನೇರ ಒಳಗೆ ಹೋಗುತ್ತದೆ, ಹಿಂದೆಯೇ ನೀವೂ.

ಈ ಬೋರ್ಡ್ ಬಾಟಮ್ ಟರ್ನಿನಲ್ಲಿ ಹೇಗೆ? ಬಹಳ ಒಳ್ಳೆಯದು. ಬಾಲ ಅಗಲ ಇರುವುದರಿಂದ ಮೆತ್ತಗಿನ ಅಲೆಯಲ್ಲೂ ವೇಗ ಕಳೆದುಕೊಳ್ಳುವುದಿಲ್ಲ. ಕಾಲು ಸ್ವಲ್ಪ ಮುಂದೆಯೇ ಉಳಿದರೂ ದೊಡ್ಡ ಬಾಗಿನಲ್ಲಿ ನಿಧಾನಕ್ಕೆ ತಿರುಗುತ್ತದೆ, ಬೀಳಿಸುವುದಿಲ್ಲ. ಹಿಂಗಾಲು ಫಿನ್ನುಗಳ ಮೇಲಕ್ಕೇ ಹೋದರೆ ಚುರುಕಾಗಿ ತಿರುಗುತ್ತದೆ. ಎರಡಕ್ಕೂ ವ್ಯತ್ಯಾಸ ಒಂದು ಗೇಣು, ಅಷ್ಟೇ. ಕಲಿಯುವವರಿಗೆ ಇದು ದೊಡ್ಡ ಅನುಕೂಲ, ಕಾಲು ಎಲ್ಲಿಟ್ಟರೆ ಏನಾಗುತ್ತದೆ ಅನ್ನುವುದು ಆ ಕ್ಷಣವೇ ಗೊತ್ತಾಗುತ್ತದೆ.

ಕಟ್‌ಬ್ಯಾಕ್‌ನಲ್ಲಿ ಮಾತ್ರ ಇದರ ಬಣ್ಣ ಬಯಲಾಗುತ್ತದೆ. ಅಲೆಯ ಕಡಿದಾದ ಭಾಗ ದಾಟಿ ಮುಂದೆ ಮೆತ್ತಗಿನ ಜಾಗಕ್ಕೆ ಹೋದಾಗ ವೇಗ ಸತ್ತುಹೋಗುತ್ತದೆ, ಆಗ ವಾಪಸ್ ನೊರೆಯ ಕಡೆ ತಿರುಗಿ ಶಕ್ತಿ ಇರುವ ಜಾಗಕ್ಕೆ ಬರಬೇಕು. ಬಲಕ್ಕೆ ಹೋಗುತ್ತಿದ್ದರೆ ಈ ತಿರುವು ಎಡಕ್ಕೆ, ಅಂದರೆ ನನ್ನ ಹಿಮ್ಮಡಿ ಕಡೆಗೆ. 31 ಇಂಚಿನ ಬೋರ್ಡಿನಲ್ಲಿ ಹಿಮ್ಮಡಿಯಿಂದ ಅಂಚು ಬಲು ದೂರ. ಬೆರಳ ಕಡೆ ಮೊಣಕಾಲು, ಪಾದ ಎಲ್ಲ ಬಗ್ಗುತ್ತವೆ, ಹಿಮ್ಮಡಿ ಕಡೆ ಕುಳಿತ ಹಾಗೆ ಹಿಂದಕ್ಕೆ ವಾಲಬೇಕು ಅಷ್ಟೇ. ಅದಕ್ಕೆ ಹಿಂಗಾಲನ್ನು ನಡುಗೆರೆಯಿಂದ ಒಂದೆರಡು ಬೆರಳಿನಷ್ಟು ಹಿಮ್ಮಡಿ ಕಡೆಗೆ ಸರಿಸಿ ಇಡುವುದು ಒಳ್ಳೆಯದು.

ಪ್ಯಾಡಲನ್ನು ಆಗ ಎಡಗಡೆಗೆ ಬದಲಿಸಬೇಕಾ? ಇದರಲ್ಲಿ ಎರಡು ಪಂಗಡ ಇದೆ. ಬದಲಿಸಿ ಒಳಬದಿಯಲ್ಲಿ ಊರಿಕೊಳ್ಳಿ ಅನ್ನುವವರಿದ್ದಾರೆ, ದೊಡ್ಡ ನಿಧಾನದ ಅಲೆಯಲ್ಲಿ ಅದು ಚಂದವೇ. ನಮ್ಮ ಬೀಚುಗಳ ಅಲೆಯಲ್ಲಿ ಕೈ ಬದಲಿಸುವಷ್ಟು ಹೊತ್ತು ಸಿಗುವುದಿಲ್ಲ. ನಾನು ಬದಲಿಸುವುದಿಲ್ಲ. ಪ್ಯಾಡಲ್ ಬೆರಳ ಕಡೆಗೇ, ಬಲಗಡೆಯೇ ಇರುತ್ತದೆ, ಅದರ ಕೆಲಸ ಬದಲಾಗುತ್ತದೆ. ಬಾಟಮ್ ಟರ್ನಿನಲ್ಲಿ ಅದು ಊರುಗೋಲಾಗಿತ್ತು, ಕಟ್‌ಬ್ಯಾಕ್‌ನಲ್ಲಿ ಅದೇ ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಅಗಲ ಎಳೆತ ಹಾಕಿದರೆ ಮೂತಿ ಎಡಕ್ಕೆ ದೂಡಿಕೊಂಡು ಹೋಗುತ್ತದೆ. ಎಡಕ್ಕೆ ಹೋಗುವ ಅಲೆಯಲ್ಲಿ ಇದೇ ತಿರುವುಮುರುವು. ಅಲೆ ಬೆನ್ನ ಹಿಂದೆ ಇರುತ್ತದೆ, ಬಾಟಮ್ ಟರ್ನಿಗೆ ಎಳೆತ, ಕಟ್‌ಬ್ಯಾಕ್‌ಗೆ ಊರುಗೋಲು. ಇದು ತಲೆಯಲ್ಲಿ ಕೂತಮೇಲೆ ಪ್ಯಾಡಲ್ ಬಗ್ಗೆ ಯೋಚಿಸುವುದೇ ಬಿಟ್ಟುಹೋಗುತ್ತದೆ. ಸಪ್ ಸರ್ಫಿಂಗ್ ಸ್ಪರ್ಧೆಗಳಲ್ಲೂ ಪ್ಯಾಡಲನ್ನು ತಿರುವಿಗೆ ಹೇಗೆ ಬಳಸುತ್ತಾರೆ ಅನ್ನುವುದನ್ನೂ ನೋಡಿ ಅಂಕ ಕೊಡುತ್ತಾರೆ.

ಸರಿ, ಇಷ್ಟೆಲ್ಲ ಮಾಡಿದರೂ ಕಂಪನಿ ಕೊಟ್ಟ ಫಿನ್ನಿನಲ್ಲಿ ಕಟ್‌ಬ್ಯಾಕ್ ಅರ್ಧಕ್ಕೆ ನಿಲ್ಲುತ್ತಿತ್ತು. ನಡುವೆ 8 ಇಂಚಿನ ಒಂದು ದೊಡ್ಡ ಫಿನ್, ಆಚೀಚೆ ಎರಡು ಚಿಕ್ಕವು. ಅಷ್ಟು ಆಳದ ನಡು ಫಿನ್ ಇದ್ದರೆ ಬೋರ್ಡ್ ನೇರ ಹೋಗುವುದನ್ನೇ ಇಷ್ಟಪಡುತ್ತದೆ. ಹುಟ್ಟು ಹಾಕುವಾಗ ಅದು ವರ, ತಿರುಗುವಾಗ ಕಾಟ. ಅಲೆಗೆ ಅಂತಲೇ ಮಾರುವ ಬೋರ್ಡಿಗೆ ಇದನ್ನು ಯಾಕೆ ಕೊಡುತ್ತಾರೋ, ನನಗಂತೂ ಸರಿ ಅನ್ನಿಸಲಿಲ್ಲ. ಅಂಗಡಿಯಲ್ಲಿ ಮೊದಲ ಸಲ ನಿಂತು ನೋಡುವವರಿಗೆ ಸ್ಥಿರ ಅನ್ನಿಸಲಿ ಅಂತ ಇರಬೇಕು.

ಕಾಸು ಖರ್ಚಿಲ್ಲದ ಉಪಾಯ ಮೊದಲು ಮಾಡಿ. ನಡುವಿನದ್ದು ಯುಎಸ್ ಬಾಕ್ಸ್, ಅಂದರೆ ಫಿನ್ ಕೂರುವ ಉದ್ದದ ಸೀಳು. ಸ್ಕ್ರೂ ಸಡಿಲಿಸಿ ಫಿನ್ನನ್ನು ಹಿಂದೆ ಮುಂದೆ ಜಾರಿಸಬಹುದು. ಹಿಂದಕ್ಕೆ ಹೋದಷ್ಟೂ ನೇರ ಓಟ, ಮುಂದಕ್ಕೆ ತಂದಷ್ಟೂ ಸಡಿಲ. ಒಂದೆರಡು ಇಂಚು ಮುಂದೆ ತಂದ ಕೂಡಲೇ ಬೇರೆ ಬೋರ್ಡ್ ಅನ್ನಿಸುತ್ತದೆ. ಆಮೇಲೆ ದುಡ್ಡಿದ್ದರೆ ನಡು ಫಿನ್ ತೆಗೆದು 5 ಇಂಚಿನ ಆಸುಪಾಸಿನದ್ದು ಹಾಕಿ, ಬದಿಯವು ಅದಕ್ಕಿಂತ ಸ್ವಲ್ಪವೇ ಚಿಕ್ಕವು ಇರಲಿ. ಮೂರು ಹೆಚ್ಚುಕಡಿಮೆ ಸಮ ಆದಾಗ ಅದು ಥ್ರಸ್ಟರ್. ಈಗ ನನ್ನ ಬೋರ್ಡಿನಲ್ಲಿ ಅದೇ ಇದೆ. ಹೊರಗೆ ಹೋಗುವಾಗ ಜಾಸ್ತಿ ಸಲ ಬದಿ ಬದಲಿಸಿ ಹುಟ್ಟು ಹಾಕಬೇಕಾಗುತ್ತದೆ, ಆದರೆ ಕಟ್‌ಬ್ಯಾಕ್ ಪೂರ್ತಿ ಬರುತ್ತದೆ, ನೊರೆಯವರೆಗೂ ಹೋಗಿ ಅದಕ್ಕೆ ತಾಗಿ ಮತ್ತೆ ಮುಂದಕ್ಕೆ. ನಾಲ್ಕು ಫಿನ್ನಿನ ಕ್ವಾಡ್ ಹಾಕಲು ಈ ಬೋರ್ಡಿನಲ್ಲಿ ಬಾಕ್ಸ್ ಇಲ್ಲ, ಹಾಗಾಗಿ ಅದರ ಮಾತು ಬೇಡ.

ಪ್ಯಾಡಲ್ ಉದ್ದವೂ ಇಷ್ಟೇ ಮುಖ್ಯ. ಹೊಳೆಯಲ್ಲಿ ಓಡಾಡುವವರು ತಲೆಗಿಂತ 8-10 ಇಂಚು ಎತ್ತರದ ಪ್ಯಾಡಲ್ ಇಟ್ಟುಕೊಳ್ಳುತ್ತಾರೆ. ಅಲೆಗೆ ಅದು ಉದ್ದ ಆಯಿತು. ಮೊಣಕಾಲು ಬಗ್ಗಿಸಿ ಕೆಳಗೆ ಕೂತಾಗ ಅಷ್ಟುದ್ದದ ಕೋಲು ಎಲ್ಲಿಡುವುದು ಅಂತಲೇ ತಿಳಿಯುವುದಿಲ್ಲ, ಕೈ ಮೇಲೆ ಹೋಗುತ್ತದೆ, ಅದರ ಜೊತೆ ಮೈಯೂ ನೆಟ್ಟಗಾಗುತ್ತದೆ. ತಲೆಯ ಮಟ್ಟಕ್ಕೆ, ಇಲ್ಲವೇ ಒಂದು ಗೇಣಿನೊಳಗೆ ಜಾಸ್ತಿ ಇರಲಿ. ಉದ್ದ ಬದಲಿಸಬಹುದಾದ ಪ್ಯಾಡಲ್ ಇದ್ದರೆ ತಗ್ಗಿಸಿ ನೋಡಿ, ಹೊಸದು ಕೊಳ್ಳುವ ಮೊದಲು. ಎಲೆ ಚಿಕ್ಕದಿದ್ದರೆ ಭುಜಕ್ಕೂ ಸುಖ, ತಿರುವಿನಲ್ಲಿ ನೀರಿನಿಂದ ಬೇಗ ಹೊರಗೆ ಬರುತ್ತದೆ.

ಎಲ್ಲಿ ಓಡಿಸಿದೆ ಅಂತ ಕೇಳುತ್ತೀರಿ ಅಲ್ವಾ. ಸಸಿಹಿತ್ಲು, ಸುರತ್ಕಲ್, ಕೋಡಿ ಬೆಂಗ್ರೆ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುತ್ತವೆ, ಅಳಿವೆಯ ಮರಳ ದಿಣ್ಣೆ ಮಳೆಗಾಲ ಕಳೆದ ಮೇಲೆ ಹಿಂದಿನ ವರ್ಷ ಇದ್ದಲ್ಲೇ ಇರುತ್ತದೆ ಅಂತ ಹೇಳಲಾಗುವುದಿಲ್ಲ, ಅದರ ಜೊತೆ ಅಲೆಯೂ ಬದಲಾಗುತ್ತದೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರಲ್ಲಿ ಶುರುವಾದದ್ದು ಇಲ್ಲೇ, ಮೇ ಕೊನೆಗೆ, ಮಳೆಗಾಲದ ಮುಂಚಿನ ಅಲೆ ನೋಡಿಕೊಂಡು. ತಿರುವು ಕಲಿಯುವವರಿಗೆ ಆ ಹೊತ್ತು ಬೇಡ. ಮಳೆಗಾಲ ಮುಗಿದು ಕಡಲು ಶಾಂತ ಆದಮೇಲಿನ ತಿಂಗಳುಗಳಲ್ಲಿ, ಬೆಳಗ್ಗೆ ಬೇಗ, ಮೂಡುಗಾಳಿ ಬೀಸುವ ಹೊತ್ತು ನೋಡಿ. ನೆಲದಿಂದ ಬರುವ ಆ ಗಾಳಿಗೆ ಅಲೆಯ ಮುಖ ನುಣುಪಾಗಿ ನಿಲ್ಲುತ್ತದೆ. ಬಿಸಿಲು ಏರಿ ಪಡುಗಾಳಿ ಶುರುವಾದರೆ ಮುಗಿಯಿತು, ಎಲ್ಲ ಕದಡಿಹೋಗುತ್ತದೆ, ಜೊತೆಗೆ ನಿಂತಿರುವ ನೀವೇ ಒಂದು ಹಾಯಿ ಆಗಿಬಿಡುತ್ತೀರಿ. ಸೊಂಟದ ಮಟ್ಟದ ಅಲೆ ಸಾಕು. ಅಳಿವೆಯ ಬಾಯಿಗೆ ಇಳಿತದ ಹೊತ್ತಿನಲ್ಲಿ ಹೋಗಬೇಡಿ, ಹೊಳೆ ನೀರು ಹೊರಗೆ ಎಳೆಯುತ್ತದೆ.

ಇನ್ನೊಂದು ಮಾತು, ಬೋರ್ಡಿಗೆ ಸಂಬಂಧ ಇಲ್ಲ ಅನ್ನಿಸಿದರೂ ಇದೆ. ಸಪ್ಪಿನ ಮೇಲೆ ನಿಂತವರಿಗೆ ಅಲೆ ಬೇಗ ಕಾಣುತ್ತದೆ, ಬೇಗ ಸಿಗುತ್ತದೆ. ಹಾಗಂತ ಎಲ್ಲ ಅಲೆಯನ್ನೂ ನೀವೇ ತಗೊಂಡರೆ ದಡದ ಕಡೆ ಕಾಯುತ್ತಿರುವ ಸರ್ಫರ್ ಹುಡುಗರು ಬೈಯುತ್ತಾರೆ, ಬೈಯಬೇಕಾದ್ದೇ. ತಿರುಗಲು ಬಾರದೆ ಇಷ್ಟು ದೊಡ್ಡ ಬೋರ್ಡ್ ಹಿಡಿದು ಸ್ನಾನಕ್ಕೆ ಇಳಿದವರ ನಡುವೆ ನುಗ್ಗುವುದಂತೂ ಅಪಾಯ. ಬೀಡುಬಲೆ ಹಾಕಿರುವ ಕಡೆಯಿಂದಲೂ ದೂರ ಇರಿ. ಲೀಶ್, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ನೆಟ್ಟಗಿನದ್ದು ಇರಲಿ, ಹೆಚ್ಚುಕಡಿಮೆ ಬೋರ್ಡಿನಷ್ಟೇ ಉದ್ದ. ಸುರುಳಿ ಲೀಶ್ ಅಲೆಗೆ ಬೇಡ, ಬಿದ್ದಾಗ ಬೋರ್ಡನ್ನು ನಿಮ್ಮ ಮೇಲೇ ಎಳೆದು ತರುತ್ತದೆ.

ಬೈಗುಳದ ಭಾಗಕ್ಕೆ ಬರೋಣ. ಕಾಲಡಿಯ ಪ್ಯಾಡ್ ಅಂಚಿನಲ್ಲಿ ಎದ್ದು ಬರುತ್ತಿದೆ, ಬಿಸಿಲಿಗೆ ಅಂಟು ಬಿಟ್ಟಿದೆ. ಅದಕ್ಕಿಂತ ಬೇಸರ ಎಂದರೆ ಬಾಲದಲ್ಲಿ ಎತ್ತರದ ಕಿಕ್, ಅಂದರೆ ಪ್ಯಾಡಿನ ಹಿಂತುದಿಯ ಉಬ್ಬು, ಇಲ್ಲ. ಅಲೆ ಬೋರ್ಡಿನಲ್ಲಿ ಹಿಂಗಾಲು ಎಲ್ಲಿದೆ ಅಂತ ನೋಡದೆ ತಿಳಿಯಬೇಕು, ಕಿಕ್ ಇದ್ದರೆ ಪಾದಕ್ಕೆ ತಾಗಿ ಗೊತ್ತಾಗುತ್ತದೆ. ಇದರಲ್ಲಿ ಪ್ಯಾಡ್ ಚಪ್ಪಟೆಯಾಗಿ ಬಾಲದವರೆಗೂ ಹೋಗಿದೆ. ಸರ್ಫ್ ಬೋರ್ಡಿನ ಟೇಲ್ ಪ್ಯಾಡ್ ಒಂದನ್ನು ತಂದು ಅಂಟಿಸಿದೆ, ಈಗ ಪರವಾಗಿಲ್ಲ. ಹಿಡಿಕೆ ಹಳ್ಳ ಚಿಕ್ಕದು, ಮರಳಲ್ಲಿ ದೂರ ಹೊತ್ತು ನಡೆಯುವಾಗ ಬೆರಳು ನೋಯುತ್ತದೆ.

ಗಾಳಿ ಬಿಡುವ ಸ್ಕ್ರೂ, ವೆಂಟ್ ಪ್ಲಗ್, ಇದರಲ್ಲಿ ಕೈಯಿಂದ ತೆಗೆದು ಹಾಕುವಂಥದ್ದು. ಬೆಂಗಳೂರಿನಲ್ಲಿ ಇರುವವರು ಇದನ್ನು ಗಮನ ಇಟ್ಟು ಓದಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಶಿರಾಡಿಯೋ ಚಾರ್ಮಾಡಿಯೋ ಇಳಿದು ಕಡಲ ಮಟ್ಟಕ್ಕೆ ಬಂದಾಗ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಒತ್ತಡದ ವ್ಯತ್ಯಾಸ ಆಗುತ್ತದೆ, ವಾಪಸ್ ಹತ್ತುವಾಗ ಬಿಸಿಲೂ ಸೇರಿದರೆ ಒಳಗಿನ ಗಾಳಿ ಹಿಗ್ಗಿ ಮೇಲಿನ ಪದರ ಫೋಮಿನಿಂದ ಬಿಟ್ಟು ಉಬ್ಬುತ್ತದೆ. ಕಾರಿನ ಮೇಲೆ ಕಟ್ಟುವಾಗ ಪ್ಲಗ್ ಸಡಿಲಿಸಿ, ನೀರಿಗೆ ಇಳಿಯುವ ಮೊದಲು ಬಿಗಿ ಮಾಡಿ. ಈಗಿನ ಬಹಳಷ್ಟು ಬೋರ್ಡುಗಳಲ್ಲಿ ತಾನೇ ಉಸಿರಾಡುವ ಪ್ಲಗ್ ಬರುತ್ತದೆ. ಹೊಸದು ಕೊಳ್ಳುವವರು ಅದನ್ನು ಕೇಳಿಯೇ ತಗೊಳ್ಳಿ.

ರಿಪೇರಿ ವಿಷಯ ಇದಕ್ಕಿಂತ ದೊಡ್ಡದು. ಎಲ್ಲೋ ತಾಗಿ ಪದರ ಒಡೆದರೆ ನೀರು ಒಳಗೆ ಸೇರುತ್ತದೆ, ಬೋರ್ಡ್ ಭಾರ ಆಗುತ್ತಾ ಹೋಗುತ್ತದೆ. ಒಡೆದದ್ದು ಕಂಡ ಕೂಡಲೇ ನೀರಿನಿಂದ ಹೊರಗೆ ತನ್ನಿ, ಒಣಗಿಸಿ. ಮಲ್ಪೆ, ಮಂಗಳೂರು ಕಡೆ ಫೈಬರ್ ದೋಣಿ ಸರಿ ಮಾಡುವವರು ಇದ್ದಾರೆ, ಕೆಲಸ ಬಲ್ಲವರು, ಆದರೆ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದು ಇಪಿಎಸ್ ಫೋಮನ್ನು ಕರಗಿಸಿಬಿಡುತ್ತದೆ. ಅಂಗೈಯಷ್ಟಿದ್ದ ಗಾಯ ದೊಡ್ಡ ಗುಹೆ ಆಗುತ್ತದೆ. ಎಪಾಕ್ಸಿ ಮಾತ್ರ ಅಂತ ಎರಡು ಸಲ ಹೇಳಿ, ಸಾಧ್ಯವಾದರೆ ಎಪಾಕ್ಸಿ ಡಬ್ಬ ನೀವೇ ತಗೊಂಡು ಹೋಗಿ ಕೊಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬೋರ್ಡ್ ಪೂರ್ತಿ ತಟ್ಟಿ ನೋಡಿ, ಸದ್ದು ಎಲ್ಲಾದರೂ ಪೊಳ್ಳಾಗಿ ಬಂದರೆ ಅಲ್ಲಿ ಪದರ ಬಿಟ್ಟಿದೆ. ಫಿನ್ ಬಾಕ್ಸಿನ ಸುತ್ತ ಕೂದಲೆಳೆಯ ಬಿರುಕಿದೆಯಾ ನೋಡಿ. ತೂಗಿ ನೋಡಿ, ಕಂಪನಿ ಹೇಳಿದ್ದಕ್ಕಿಂತ ಕಿಲೊಗಟ್ಟಲೆ ಜಾಸ್ತಿ ಇದ್ದರೆ ಒಳಗೆ ನೀರಿದೆ.

ಯಾರು ಕೊಳ್ಳಬಹುದು ಅಂದರೆ, 60ರಿಂದ 80 ಕಿಲೊ ಒಳಗಿನವರು, ಹಿನ್ನೀರಲ್ಲಿ ನಿಲ್ಲುವುದು ಕಷ್ಟ ಅನ್ನಿಸದವರು, ಅಲೆಯಲ್ಲಿ ನೇರ ಬರುವುದು ಬೇಜಾರಾದವರು. ಸರ್ಫಿಂಗ್ ಚೆನ್ನಾಗಿ ಬರುವವರಿಗೆ ಇದು ಬೇಗ ದೊಡ್ಡದು ಅನ್ನಿಸುತ್ತದೆ, ಅವರು 8 ಅಡಿಯ ಒಳಗೇ ನೋಡಲಿ. ಇಡೀ ಮನೆಗೆ ಒಂದೇ ಬೋರ್ಡ್, ಮಕ್ಕಳನ್ನು ಮುಂದೆ ಕೂರಿಸಿಕೊಂಡು ಹೊಳೆಯಲ್ಲೂ ಹೋಗಬೇಕು, ಅಲೆಯಲ್ಲೂ ತಿರುಗಬೇಕು ಅನ್ನುವವರಿಗೆ ಇದು ಅಲ್ಲ. ಅಂಥ ಬೋರ್ಡ್ ಅಂತ ಯಾರಾದರೂ ಮಾರಿದರೆ ಅದು ಅಲೆಯಲ್ಲಿ ತಿರುಗುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಫಿನ್ ಬದಲಿಸಿದ ಮೇಲಿನ ಲೆಕ್ಕ ಇದು. ಕಂಪನಿ ಕೊಟ್ಟ ಹಾಗೇ ಇದ್ದರೆ ಮೂರು. ಚೀಲಕ್ಕೆ ಒಂದೂ ಇಲ್ಲ, ಜಿಪ್ಪು ಉಪ್ಪಿಗೆ ಹಸಿರುಗಟ್ಟಿ ಅರ್ಧದಲ್ಲೇ ನಿಂತಿದೆ, ಅದನ್ನು ಹೊಲಿಸಲು ಕೊಡಬೇಕು.